ತಿಕ್ಕಿ ತೊಳೆದ ಟ್ರೇಡ್ ಡಾಲರ್

೧೯೩೮ರಲ್ಲಿ ನಾನು ಸವಣೂರಿನಲ್ಲಿ ನಾಣ್ಯ ಪರೀಕ್ಷಕನಾಗಿದ್ದೆ. ಹಾನಗಲ್ಲಿನ ವಕೀಲರೊಬ್ಬರಿಗೆ ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯಗಳ ಹುಚ್ಚು. ಅವುಗಳ ಅಸಲು-ನಕಲು ನೋಡಿ ಹೇಳುವುದಕ್ಕೆ ನನಗೆ ಪಗಾರ ಕೊಡುತ್ತಿದ್ದರು. ಆ ಮನುಷ್ಯನ ಹೆಸರು ಬರೆಯಲು ಇವತ್ತಿಗೂ ನನ್ನ ಕೈ ಒಪ್ಪುವುದಿಲ್ಲ.

ಒಂದು ಬೆಳಿಗ್ಗೆ ಮೋಟಾರು ತಂದು ನಿಲ್ಲಿಸಿ, ಹುಲಗೂರಿಗೆ ನಡಿ ಎಂದರು. ಹಿಂದಿನ ದಿನ ಅಲ್ಲಿ ಗಂಗವ್ವನೆಂಬ ವಿಧವೆಯ ಮನೆಯಲ್ಲಿ ೧೮೭೮ರ ಟ್ರೇಡ್ ಡಾಲರ್ ಕಂಡಿದ್ದರಂತೆ. ಅಮೆರಿಕದವರು ಚೀನಾದ ವ್ಯಾಪಾರಕ್ಕೆಂದೇ ಹೊಡೆಸಿದ ನಾಣ್ಯವದು. ಆಕೆಯ ಗಂಡನ ಅಜ್ಜ ಮುಂಬಯಿಯಲ್ಲಿ ಹತ್ತಿ ಮಾರಿ ತಂದದ್ದು. ಇದು ಅಮೆರಿಕದ ಕಾರ್ಸನ್ ಸಿಟಿ ಟಂಕಸಾಲೆಯದು; ಅಲ್ಲಿನ ಆ ವರ್ಷದ ಡಾಲರುಗಳು ಬಹಳಷ್ಟು ಕರಗಿಹೋಗಿ, ಉಳಿದವು ಅಪರೂಪವಾಗಿದ್ದವು. ಇದರಲ್ಲಿ ಒಂದೂ ಗೀರಿಲ್ಲ, ಹಿಂಬದಿಯ ಹದ್ದಿನ ಗರಿಗಳು ಎದ್ದು ಕಾಣುತ್ತವೆ, ಅಂಚಿಗೆ ನೀಲಿ-ಹೊನ್ನಿನ ಛಾಯೆಯಿದೆ ಎಂದು ದಾರಿಯುದ್ದಕ್ಕೂ ಬಾಯಿ ಚಪ್ಪರಿಸಿದರು. ಬೆಳ್ಳಿಯನ್ನು ಯಾರೂ ಮುಟ್ಟದೆ ವರ್ಷಗಟ್ಟಲೆ ಇಟ್ಟರೆ ಆ ಛಾಯೆ ಕೂಡುತ್ತದೆ. ಬಲ್ಲ ಸಂಗ್ರಾಹಕರು ಬೆಲೆ ಕೊಡುವುದು ಅದಕ್ಕೇ.

"ಆಕೀಗೆ ಏನಂದ್ರಿ?" ಎಂದು ಕೇಳಿದೆ.

"ಜಂಗ ಹಿಡದ ಹೊಲಸ ಬೆಳ್ಳಿ, ಯಾರೂ ಮೂಸಂಗಿಲ್ಲ ಅಂದೆ. ಮಗಳ ಕಣ್ಣಿನ ಆಪರೇಷನ್ ಐತಿ, ರೊಕ್ಕದ ಗರಜು ಐತಿ. ತೂಕದ ರೇಟಿಗೆ ಕೊಡ್ತಾಳ ತಗೋ."

ನನ್ನ ಮೈ ಉರಿದುಹೋಯಿತು. ಪಗಾರ ಹೋದರೆ ಹೋಗಲಿ, ಅಲ್ಲಿ ನಿಜವಾದ ಬೆಲೆ ಹೇಳಿಯೇ ಬಿಡುತ್ತೇನೆಂದು ಹಲ್ಲು ಕಚ್ಚಿ ಕುಳಿತೆ.

ಗಂಗವ್ವ ಡಾಲರನ್ನು ಹಿತ್ತಾಳೆ ತಾಟಿನಲ್ಲಿಟ್ಟು, ಅರಿಷಿಣ-ಕುಂಕುಮ ಹಚ್ಚಿ ತಂದಳು. ಅದು ಹೊಸ ಪಾತ್ರೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೇನ್ರಿ ಯಪ್ಪಾ. ಮನಿ ಲಕ್ಷ್ಮೀನ್ನ ಹೊಲಸ ಇಟಗೊಂಡು ಹೆಂಗ ಕೊಡೂದು?"

ಭೂತಗನ್ನಡಿ ಹಿಡಿದು ನೋಡಿದೆ. ಛಾಯೆಯ ಸುಳಿವಿಲ್ಲ, ಮೈತುಂಬ ಬೂದಿಯ ಗೀರು.

"ಹಾಳ ಮಾಡಿದ್ಯಲ್ಲ! ಯಾರು ತಿಕ್ಕಂದ್ರು ನಿನಗ?" ವಕೀಲರು ಕಿರುಚಿದರು.

"ನೀವ ಹೊಲಸ ಅಂದ್ರಲ್ರಿ," ಎಂದಳು ಆಕೆ. ಪಕ್ಕದಲ್ಲಿ ಮಗಳು ನೀಲವ್ವ ಗೋಡೆ ಹಿಡಿದು ನಿಂತಿದ್ದಳು.

ನಾನು ಸುಮ್ಮನಿರಲಿಲ್ಲ. "ಕೆಡಿಸಿದವರು ನೀವು, ವಕೀಲರ. ತಿಕ್ಕೂ ಮೊದಲ ನಿನ್ನಿ ಇದ್ದ ಖರೇ ಬೆಲಿ ಇಟ್ಟು ಒಯ್ರಿ."

"ನಿನಗ ಪಗಾರ ಕೊಡಾಂವ ಯಾರು?"

"ಇವತ್ತಿನಿಂದ ನೀವಲ್ಲ."

ಅವರು ಮೋಟಾರು ಹತ್ತಿ ಹೋದರು. ನಾನೇ ಆ ಡಾಲರನ್ನು ಮುಂಬಯಿಗೂ ಒಯ್ದು ತೋರಿಸಿದೆ. ತೊಳೆದ ನಾಣ್ಯವೆಂದು ಎಲ್ಲರೂ ತಳ್ಳಿದರು. ಕೊನೆಗೆ ಬಂದದ್ದು ಬೆಳ್ಳಿಯ ತೂಕದ ದುಡ್ಡು, ಅದು ಆಪರೇಷನ್ನಿಗೆ ಸಾಲಲಿಲ್ಲ.

ಆಮೇಲೆ ನಾನು ಎಲ್ಲೇ ನಾಣ್ಯ ನೋಡಲಿ, ಕೊಳ್ಳುವವರ ಎದುರಿಗೇ ಮನೆಯವರಿಗೆ ಮೊದಲು ನಿಜ ಹೇಳುತ್ತಿದ್ದೆ, ರೇಟಿನ ಮಾತು ಆಮೇಲೆ. ಇದರಿಂದ ಎಷ್ಟೋ ಗಿರಾಕಿಗಳು ತಪ್ಪಿದರು. ತಪ್ಪಲಿ. ಹುಲಗೂರಿಗೆ ಹೋದಾಗಲೆಲ್ಲ ನೀಲವ್ವ ನನ್ನ ದನಿ ಕೇಳಿದ ಮೇಲೆಯೇ ಗುರುತು ಹಿಡಿಯುತ್ತಿದ್ದಳು.