ಪರದೇಶಕ್ಕೆ ಹೋದ ಫೋಟೋ

ಸನಮಡಿ ಹತ್ತಿರದ, ಹತ್ತಿಪ್ಪತ್ತು ಮನೆಗಳ ನಮ್ಮ ವಸ್ತಿಯ ಶಾಲೆಯ ಕಟ್ಟೆಯ ಮೇಲೆ ಆ ದಿನ ಐದು ಜನ ಇದ್ದೆವು: ಪರದೇಶದ ನೆರವು ಸಂಸ್ಥೆಯಿಂದ ಕ್ಯಾಮರಾ ಹಿಡಿದು ಬಂದ, ನಮ್ಮ ಕಡೆಯವರೇ ಆದ ಸಾಹೇಬರು, ಕುರಿ ಸಾಕುವ ನೆರೆಮನೆಯ ಅಜ್ಜಿ, ಆಕೆಯ ಮೊಮ್ಮಗಳು, ನನ್ನ ಮಗಳು, ನಾನು. ಹುಡುಗಿಯರಿಬ್ಬರದೂ ಏಳನೆಯದು ಮುಗಿದಿತ್ತು. ವಸ್ತಿಯಲ್ಲಿ ಮುಂದಿನ ತರಗತಿ ಇಲ್ಲ. ಪರದೇಶದ ದಾನಿಗಳು ಫೋಟೋ ನೋಡಿ ಯಾರನ್ನು ಆರಿಸುತ್ತಾರೋ ಅವಳನ್ನು ಸಂಸ್ಥೆಯವರು ತಾಲೂಕಿನ ಊರಾದ ಜತ್ತದ ವಸತಿನಿಲಯದಲ್ಲಿಟ್ಟು ಓದಿಸುತ್ತಾರೆ. ಆರಿಸದಿದ್ದರೆ ಅಜ್ಜಿಯ ಮೊಮ್ಮಗಳು ಅಪ್ಪ ಅವ್ವನ ಜೊತೆ ಕುರಿಹಿಂಡಿನ ಹಿಂದೆ ಹೋಗಬೇಕು. ನನ್ನ ಮಗಳಿಗೆ ಆ ಚಿಂತೆ ಇರಲಿಲ್ಲ. ಅವಳಪ್ಪ ದಿನಾ ಬಸ್ಸಿನಲ್ಲಿ ಜತ್ತದ ಶಾಲೆಗೆ ಕಳಿಸಲು ತಯಾರಿದ್ದ.

ನಮ್ಮಲ್ಲಿ ಬರಿಗೊರಳಲ್ಲಿ ಯಾರೂ ಫೋಟೋಕ್ಕೆ ನಿಲ್ಲುವುದಿಲ್ಲ. ಇಲ್ಲದವರಿಗೆ ಓಣಿಯೇ ಕೊಡುತ್ತದೆ. ಅಜ್ಜಿ ಕೇಳಿದಳೆಂದು ಅವಳ ಮೊಮ್ಮಗಳಿಗೆ ನನ್ನ ಮಗಳ ಹೊಸ ಲಂಗವನ್ನೂ ಬಂಗಾರದ ಗುಂಡುಗಳ ನನ್ನ ಬೋರಮಾಳ ಸರವನ್ನೂ ನಾನೇ ಕೊಟ್ಟಿದ್ದೆ. ನನ್ನ ಮಗಳು ಬಗಲು ಹರಿದ ಫ್ರಾಕಿನಲ್ಲಿ, ಕೆದರಿದ ತಲೆಯಲ್ಲಿ ನೋಡಲು ನಿಂತಿದ್ದಳು.

ಸಾಹೇಬರು ಕ್ಯಾಮರಾ ಇಳಿಸಿ ಅಜ್ಜಿಯತ್ತ ತಿರುಗಿದರು. “ಆಯಿ, ಆ ಸರಾ ತೆಗೀರಿ. ದಿನಾ ಹೆಂಗ ಇರ್ತಾಳೋ ಹಂಗ ಇರ್ಲಿ. ಕೊಡೋರು ನೋಡೋದ ಅದನ್ನ.”

“ಯಾಕ್ರಿ ಸಾಹೇಬ್ರ, ನಿಮ್ಮ ಮದವಿ ಫೋಟೋಕ್ಕ ನೀವು ಹರಕ ಅಂಗಿ ಹಾಕ್ಕೊಂಡು ನಿಂತಿದ್ರೇನು?” ಎಂದಳು ಅಜ್ಜಿ.

ಎಲ್ಲರೂ ನಕ್ಕೆವು. ಸಾಹೇಬರೂ ನಕ್ಕರು. “ಬಡತನ ಕಾಣಬೇಕ್ರಿ ಆಯಿ.”

“ಅದು ಮನ್ಯಾಗ ಐತಿ, ಬಂದು ನೋಡ್ರಿ. ಮಾರಿಗ್ಯಾಕ ಹಚ್ಚಬೇಕು? ನನ್ನ ಮೊಮ್ಮಗಳು ಭಿಕ್ಷಾ ಬೇಡೋರಗತೆ ನಿಂದ್ರೂದಿಲ್ಲ.”

ತಿಳಿಹೇಳಬೇಕಾದ ನಾನು, “ಖರೆ ಐತಿ ಬಿಡ್ರಿ” ಎಂದು ಹುಡುಗಿಯ ಕೊರಳಿನ ಸರ ನೆಟ್ಟಗೆ ಮಾಡಿದೆ. ಹುಡುಗಿ ಚಂದ ನಕ್ಕಳು, ಸಾಹೇಬರು ಹಾಗೆಯೇ ಫೋಟೋ ತೆಗೆದರು. ಹೊರಡುವ ಮುನ್ನ ಸಾಹೇಬರು, “ಈಕಿದೂ ಒಂದು ಇರ್ಲಿ” ಎಂದು ನನ್ನ ಮಗಳತ್ತ ತಿರುಗಿದರು. ಬಿಸಿಲು ಕಣ್ಣಿಗೆ ಬಡಿದು ಅವಳು ಮುಖ ಕಿವುಚಿದ್ದಳು.

ಎರಡು ತಿಂಗಳಿಗೆ ಸಾಹೇಬರು ಕಾಗದ ಹಿಡಿದು ಮತ್ತೆ ಬಂದರು. ದಾನಿಗಳು ಆರಿಸಿದ್ದು ನನ್ನ ಮಗಳನ್ನು.

“ಆಯಿ ಮೊಮ್ಮಗಳಿಗೆ ಕೊಡಾಕ ಬರಂಗಿಲ್ಲೇನ್ರಿ? ಬೇಕಂದ್ರ ಇನ್ನೊಂದು ಫೋಟೋ ತೆಗೀರಿ” ಎಂದೆ.

“ಈ ವರ್ಷದ ಯಾದಿ ಮುಗೀತ್ರಿ ಅಕ್ಕಾ. ಬಂಗಾರ ಹಾಕ್ಕೊಂಡು ನಗೋ ಹುಡುಗಿಗೆ ಯಾರು ಕೊಡ್ತಾರ?”

ನಾನು ಸಹಿ ಮಾಡಿದೆ. ಮನಸ್ಸಿಲ್ಲದೆ ಮಾಡಿದೆ ಎಂದರೆ ಸುಳ್ಳಾದೀತು. ಒಳಗೊಳಗೇ ಸಂತೋಷ ಆಗಿತ್ತು. ಸುದ್ದಿ ಕೇಳಿ ಅಜ್ಜಿ, “ನಿನ್ನ ಮಗಳರ ಓದ್ಲಿ” ಎಂದಳು.

ದಸರೆ ಮುಗಿದ ಮೇಲೆ ಹಿಂಡು ನದಿಯ ಕಡೆಗೆ ಹೊರಟಿತು, ಹುಡುಗಿಯೂ ಹೋದಳು. ಮುಂದಿನ ಮಳೆಗಾಲಕ್ಕೆ ಅಪ್ಪ ಅವ್ವ ತಿರುಗಿ ಬಂದರು. ಅವಳು ಬರಲಿಲ್ಲ. ಹಾದಿಯಲ್ಲಿ ಸಿಕ್ಕ ಇನ್ನೊಂದು ಕುರಿಯವರ ಮನೆಗೆ ಮದುವೆ ಮಾಡಿ ಕೊಟ್ಟು ಬಂದಿದ್ದರು.