ಸೂರಿಗೊಂದು ಎಲಾಸ್ಟಿಕ್

ನಮ್ಮ ತೆಂಗಿನ ಮರದಲ್ಲಿ ನೀಲಿ ಶೀಟೊಂದು ನೇತಾಡುತ್ತಿತ್ತು!

ಕಳೆದ ವಾರ ಅತ್ತಿಬೆಲೆಯಲ್ಲಿ ಮದುವೆ ಊಟ ಮುಗಿಸಿ ಬೇಗೂರಿನ ನಮ್ಮ ರಸ್ತೆಗೆ ತಿರುಗಿದಾಗ ಮೊದಲು ಕಂಡದ್ದೇ ಅದು. ಆ ಮಧ್ಯಾಹ್ನದ ಗಾಳಿ ಎಂಥದ್ದೆಂದು ನಿಮಗೆ ಹೇಳಬೇಕಿಲ್ಲ. (ನಿಮ್ಮಲ್ಲೂ ಕರೆಂಟ್ ಹೋಗಿತ್ತಲ್ಲವೇ?) ದಾರಿಯುದ್ದಕ್ಕೂ ರೇಣುಕಾಗೆ ಫೋನ್ ಮಾಡಿದ್ದೆ. ಸ್ವಿಚ್ ಆಫ್.

ರೇಣುಕಾ ನಮ್ಮ ಟೆರೇಸಿನ ಶೀಟ್ ರೂಮಿನಲ್ಲಿ ಬಾಡಿಗೆಗಿದ್ದಾಳೆ. ಯಾದಗಿರಿ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಮಡಿಲಲ್ಲಿ ಹಸುಗೂಸು. ಆ ರೂಮಿನ ಶೀಟೂ ನೀಲಿ. ಮೈ ಗಾಡ್!

ಮಂಡಿನೋವು ಮರೆತು ಮೆಟ್ಟಿಲು ಹತ್ತಿದೆ. ಕಿವಿಯಲ್ಲಿ ಪಕ್ಕದ ಮನೆಯ ಗೋಪಾಲಪ್ಪನವರ ಮಾತು. ರಿಟೈರಾದ ಫ್ಯಾಕ್ಟರಿ ಮನುಷ್ಯ. ನಾನು ರೂಮಿನ ಶೀಟಿಗೆ ಬೋಲ್ಟ್ ಹಾಕಿಸುವಾಗ ನಕ್ಕಿದ್ದರು: "ಏನ್ ಮೇಡಂ, ಬೇಗೂರಿಗೆ ಸಮುದ್ರ ಯಾವಾಗ ಬಂತು? ಶೀಟ್ ಮೇಲೆ ನಾಲ್ಕ್ ಸೈಜುಗಲ್ಲು ಹೇರಿ, ಸಾಕ್ ಬಿಡಿ!"

ಆದರೆ ನಾನು ಟೋಪಿ ಹಾಕಿಕೊಂಡು ಬೆಳೆದವಳು. ಕಾನ್ವೆಂಟಿನಲ್ಲಿ ನಮಗೆಲ್ಲ ಹುಲ್ಲಿನ ಟೋಪಿ. ಗಲ್ಲದ ಕೆಳಗೆ ಎಲಾಸ್ಟಿಕ್ ಇಲ್ಲದಿದ್ದರೆ ಸಿಸ್ಟರ್ ಮೈದಾನಕ್ಕೇ ಬಿಡುತ್ತಿರಲಿಲ್ಲ. "ಗಾಳಿ ಮೇಲಿಂದ ಒತ್ತೋದಿಲ್ಲ ಗರ್ಲ್ಸ್, ಕೆಳಗಿಂದ ಎತ್ತುತ್ತೆ!" ಆ ಸಿಸ್ಟರೂ ಇಲ್ಲ, ಆ ಟೋಪಿಯೂ ಇಲ್ಲ. ಗಲ್ಲಕ್ಕೆ ಮಾತ್ರ ಆ ಬಿಗಿ ಇನ್ನೂ ನೆನಪಿದೆ.

ಚಂಡಮಾರುತ ಬಡಿಯುವ ಒಡಿಶಾದ ಕಡಲತೀರದಲ್ಲಿರುವ ನನ್ನ ತಂಗಿಯ ಮನೆಯದ್ದೂ ಅದೇ ಪಾಠ. ಶೀಟು ಕಬ್ಬಿಣಕ್ಕೆ, ಕಬ್ಬಿಣ ಗೋಡೆಯ ಕಾಂಕ್ರೀಟಿಗೆ, ಎಲ್ಲಕ್ಕೂ ಬೋಲ್ಟ್. ಸೂರು ಗೋಡೆಯಿಂದ ಜಾಸ್ತಿ ಹೊರಚಾಚಬಾರದು. ನಾನೂ ಹಾಗೇ ಮಾಡಿಸಿದೆ. ಆದರೆ ನಿಂತೀತೇ? ನನ್ನ ಎಂಜಿನಿಯರಿಂಗಿನ ಪರೀಕ್ಷೆಗೆ ಕೂತದ್ದು ಆ ಕೂಸು!

ಬಾಗಿಲು ಬಡಿದೆ.

"ಮೆಲ್ಲಕ ಅಮ್ಮಾ, ಕೂಸು ಈಗರೆ ಮಕ್ಕೊಂಡದ," ಎಂದಳು ರೇಣುಕಾ.

"ಸೂರು?"

"ಸೂರಿಗೇನಾಗ್ಯಾದ್ರೀ? ಗಡಗಡ ಸಪ್ಪಳ ಮಾಡ್ತು, ಅಷ್ಟ. ಕರೆಂಟಿಲ್ಲ, ಫೋನ್ ಸತ್ತದ. ನಿಮ್ಮ ಮಾರಿ ಯಾಕ ಹಿಂಗ ಬೆಳ್ಳಗಾಗ್ಯಾದ? ಕೂಡ್ರಿ, ನೀರ್ ಕುಡೀರಿ."

ಕುಳಿತೆ. ತಲೆಯೆತ್ತಿ ನೋಡಿದೆ. ಒಂದೊಂದು ಬೋಲ್ಟಿಗೂ ಮುತ್ತಿಡಬೇಕೆನಿಸಿತು.

ಹಾಗಾದರೆ ಮರದಲ್ಲಿದ್ದದ್ದು ಯಾರದ್ದು? ಆಚೆ ಟೆರೇಸಿನಲ್ಲಿ ಗೋಪಾಲಪ್ಪನವರು ಸೂರು ಹಾರಿಹೋದ ತಮ್ಮ ಶೀಟ್ ರೂಮಿನೊಳಗೆ ಆಕಾಶ ನೋಡುತ್ತ ನಿಂತಿದ್ದರು. ಹೇರಿದ್ದ ಸೈಜುಗಲ್ಲುಗಳು ಒಳಗಿನ ಮಂಚದ ಮೇಲೆ ಬಿದ್ದಿದ್ದವು. ಸದ್ಯ, ಮಂಚ ಖಾಲಿಯಿತ್ತು.

"ಮೇಡಂ, ನಿಮ್ ವೆಲ್ಡರ್ ನಂಬರ್ ಸ್ವಲ್ಪ ಕೊಡ್ತೀರಾ? ನಗ್ಬೇಡಿ ಮತ್ತೆ!"

ನಗಲಿಲ್ಲ. (ಸ್ವಲ್ಪ ನಕ್ಕೆ.)

ಅವರ ಆ ರೂಮಿನ ಬಾಗಿಲ ಮೇಲೆ ದೃಷ್ಟಿಗೆಂದು ಕಟ್ಟಿದ್ದ ಬೂದುಗುಂಬಳಕಾಯಿ ಮಾತ್ರ ಅಲುಗಿರಲಿಲ್ಲ. ಬೈಂಡಿಂಗ್ ವೈರಿನಲ್ಲಿ ಸುತ್ತಿ ಸುತ್ತಿ, ಬಿಗಿದು ಕಟ್ಟಿದ್ದರು, ಅದಕ್ಕೆ ಬರೆದಿದ್ದ ಮೀಸೆಯೂ ಕೊಂಕಿರಲಿಲ್ಲ.

ಕುಂಬಳಕಾಯಿಯನ್ನು ಕಟ್ಟುವಷ್ಟು ಬಿಗಿಯಾಗಿ ನಾವು ಸೂರನ್ನೇಕೆ ಕಟ್ಟುವುದಿಲ್ಲ?