ಗುರುವಾರದ ಬೈಕುಗಳೂ ರಸ್ತೆಯ ಹುರುಳಿಯೂ

ನಿನ್ನೆ ಹಳೇಬೀಡಿನ ದಾರಿಯಲ್ಲಿ ಕಾರಿನ ಚಕ್ರಕ್ಕೆ ಒಣಗಿದ ಹುರುಳಿ ಗಿಡ ಸಿಕ್ಕಿ ಚರಚರ ಎಂದಿತು. ನನ್ನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು.

ಅಪ್ಪನಿಗೆ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಗುರುವಾರ ಸಂಜೆ ಮಾತ್ರ ಅಂಗಡಿ ಬೇಗ ಮುಚ್ಚುತ್ತಿದ್ದ. ಗೆಳೆಯರೆಲ್ಲ ಸಾಲಾಗಿ ಬೈಕಿನಲ್ಲಿ ಹಳೇಬೀಡಿಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಅದಕ್ಕೆ ಕ್ಲಬ್ಬು ಅಂತ ಅವರೇ ಹೆಸರಿಟ್ಟುಕೊಂಡಿದ್ದರು. ಎಲ್ಲರಿಗಿಂತ ಮುಂದೆ ಅಪ್ಪನ ಬುಲೆಟ್. ಬಿಸಿ ಟ್ಯಾಂಕಿನ ಮೇಲೆ ಟವೆಲ್ ಹಾಸಿಕೊಂಡು ನಾನು. ಸುಗ್ಗಿಯಲ್ಲಿ ರೈತರು ಒಕ್ಕಣೆಗೆಂದು ರಸ್ತೆಯ ಮೇಲೇ ಹುರುಳಿ ಹರಡುತ್ತಿದ್ದರು. ಅದನ್ನು ತುಳಿಸಿಕೊಂಡು ಹೋಗುವುದೆಂದರೆ ನನಗೆ ಹಬ್ಬ.

ಒಂದು ಸಂಜೆ, ಚಕ್ರದ ಮುಂದಿದ್ದ ಹುರುಳಿ ಗುಡ್ಡೆ ಎದ್ದು ಕೂತಿತು.

ಅಪ್ಪ ಹ್ಯಾಂಡಲ್ ತಿರುಗಿಸಿದ ರಭಸಕ್ಕೆ ಬುಲೆಟ್ ಜಾರಿ ಚರಂಡಿಗೆ ಬಿತ್ತು, ನಾನು ಹುರುಳಿಯ ಮೇಲೆ ಬಿದ್ದೆ. ಹಿಂದಿನ ಬೈಕುಗಳು ಅಡ್ಡಾದಿಡ್ಡಿ ನಿಂತವು. ಗುಡ್ಡೆಯಲ್ಲಿ ತಲೆ ತುಂಬ ಹೊಟ್ಟು ಮೆತ್ತಿಕೊಂಡ ಒಬ್ಬ ಅಜ್ಜಿ!

"ಇಲ್ಲಿ ಯಾಕಜ್ಜಿ ಮಲಗಿದ್ದೆ? ಸತ್ತೋಗ್ತಿದ್ಯಲ್ಲ!" ಅಪ್ಪ ಚರಂಡಿಯಿಂದ ಎದ್ದು ಬಂದು ಕೇಳಿದ.

"ನಿಮ್ಮುನ್ನೇ ಕಾಯ್ತಿದ್ದೆ ಕಣಪ್ಪ. ವಾರವಾರ ನೀವೇ ಅಲ್ವಾ ತುಳಿಸಿಕೊಡೋರು? ಇವತ್ತು ತಡ ಮಾಡುದ್ರಿ, ಹಂಗೇ ಜೊಂಪು ಹತ್ತೋಯ್ತು."

ಆಮೇಲೂ ಅವರು ಹುರುಳಿ ತುಳಿಸಿದರು. ಆದರೆ ಮೊದಲು ಅಪ್ಪ ಇಳಿದು, ಉದ್ದಕ್ಕೂ ನಡೆದು, ಕಾಲಿನಿಂದ ಗಿಡ ಸರಿಸಿ ನೋಡುತ್ತಿದ್ದ.

ನಿನ್ನೆ ನಾನೂ ಇಳಿದು ಹಾಗೇ ಸರಿಸುತ್ತಿದ್ದೆ. ಹಿಂದಿನ ಕಾರಿನ ಹುಡುಗ ಕಿಟಕಿಯಿಂದ ತಲೆ ಹಾಕಿ ಕೇಳಿದ: "ಏನ್ ಕಳ್ಕೊಂಡ್ರಿ ಮೇಡಂ?"